ಅಜ್ಜನ ಕುರ್ಚಿ ಯಾರದು? ಮುಂಬೈಯ ಬೀಟೆ ಮರ ಮತ್ತು ವಿಕ್ಟೋರಿಯನ್ ಕಾಲ

ಹೋದ ವಾರದ ಮಾತಿನ ಬರಹ ರೂಪ ಇದು. ವೀಡಿಯೊ ನೋಡೋಕೆ ಪುರುಸೊತ್ತಿಲ್ಲ, ಬರೆದು ಹಾಕಿ ಅಂತ ಕೇಳ್ತಾ ಇರ್ತೀರಲ್ಲ, ಅವರಿಗಾಗಿ. ಕ್ಯಾಮೆರಾ ಮುಂದೆ ತಡವರಿಸಿದ್ದನ್ನು ತೆಗೆದಿದ್ದೇನೆ. ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.

ಗಿರಗಾಂವ್‌ನ ನಮ್ಮ ಹಳೇ ಚಾಳು ಈ ವರ್ಷ ರೀಡೆವಲಪ್‌ಮೆಂಟಿಗೆ ಹೋಯಿತು. ಮೂರು ತಲೆಮಾರಿನ ಸಾಮಾನು ಎರಡು ಖೋಲಿಯಿಂದ ಹೊರಗೆ ಬರಬೇಕು. ಬಾಡಿಗೆ ಮನೆ ಅದಕ್ಕಿಂತ ಚಿಕ್ಕದು. ಹಿತ್ತಾಳೆ ಹಂಡೆ ಹೋಯಿತು, ಅಟ್ಟದ ಟ್ರಂಕು ಹೋಯಿತು. ಕೊನೆಗೆ ಉಳಿದದ್ದು ಅಜ್ಜನ ಕುರ್ಚಿ. ಕಪ್ಪು ಮರ, ಬೆತ್ತದ ಆಸನ, ಮುಂದಿನ ಕಾಲು ಎರಡೂ ಬಾಗಿವೆ. ಬೆನ್ನಿನ ಭಾಗದಲ್ಲಿ ಬಳ್ಳಿ, ಎಲೆ, ಹಣ್ಣಿನ ಗೊಂಚಲು, ಎಲ್ಲ ಆರಪಾರ ಕೊರೆದ ಕೆತ್ತನೆ. ಒಬ್ಬರೇ ಎತ್ತೋಕಾಗಲ್ಲ, ಅಷ್ಟು ಭಾರ.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ಇಬ್ಬರು ವ್ಯಾಪಾರಿಗಳು ನೋಡೋಕೆ ಬಂದರು. ಮೊದಲನೆಯವರು ವಯಸ್ಸಾದವರು. ಕುರ್ಚಿ ಮಗುಚಿ, ಉಗುರಿನಿಂದ ಕೆರೆದು, "ಇಂಗ್ಲಿಷ್ ಹೈ, ವಿಕ್ಟೋರಿಯನ್" ಅಂತ 18,000 ರೂಪಾಯಿ ಹೇಳಿದರು. ಎರಡನೆಯವರು ಹುಡುಗ. ಫೋನಿನಲ್ಲಿ ನಾಲ್ಕು ಫೋಟೋ ತೆಗೆದು, "ಇಂಗ್ಲಿಷ್ ನಹೀ ಹೈ ಸಾಬ್, ಲೋಕಲ್ ಮಾಲ್" ಅಂತ 6,000ಕ್ಕೆ ಇಳಿಸಿದ. ಅದೇ ಕುರ್ಚಿ, ಅದೇ ಮಧ್ಯಾಹ್ನ. ಇಂಗ್ಲಿಷ್ ಅಂದರೆ ಒಂದು ಬೆಲೆ, ಲೋಕಲ್ ಅಂದರೆ ಅದರ ಮೂರನೇ ಒಂದು ಪಾಲು!

ಇವರಿಬ್ಬರಲ್ಲಿ ಯಾರು ಸರಿ? ಅದನ್ನ ಹುಡುಕ್ತಾ ಹೋದದ್ದೇ ಇವತ್ತಿನ ಮಾತು.

ಮೊದಲು ಈ 'ವಿಕ್ಟೋರಿಯನ್' ಅನ್ನೋ ಪದ. ಇಂಗ್ಲೆಂಡಿನ ಪೀಠೋಪಕರಣಗಳನ್ನು ಸಾಮಾನ್ಯವಾಗಿ ಗದ್ದುಗೆ ಮೇಲಿದ್ದವರ ಹೆಸರಿನಿಂದ ಕರೀತಾರೆ. ರಾಣಿ ಆ್ಯನ್ ಕಾಲದ್ದು ಕ್ವೀನ್ ಆ್ಯನ್, ನಾಲ್ವರು ಜಾರ್ಜ್‌ಗಳ ಕಾಲದ್ದು ಜಾರ್ಜಿಯನ್. ಥಾಮಸ್ ಚಿಪೆಂಡೇಲ್ 1754ರಲ್ಲಿ ಕುರ್ಚಿ, ಮೇಜು, ಕಪಾಟುಗಳ ನಕ್ಷೆ ಪುಸ್ತಕ ಅಚ್ಚು ಹಾಕಿಸಿದ ಮೇಲೆ ಅವನ ಹೆಸರೂ ಒಂದು ಶೈಲಿಯ ಹೆಸರಾಯಿತು. ಆಮೇಲೆ ಹೆಪಲ್‌ವೈಟ್, ಶೆರಟನ್. ಇವರ ಕೆಲಸ ತೆಳು, ಹಗುರ, ನೇರ ಗೆರೆಯದ್ದು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ 64 ವರ್ಷದಲ್ಲಿ ಆದದ್ದೆಲ್ಲ ವಿಕ್ಟೋರಿಯನ್.

ಅಷ್ಟು ದೀರ್ಘ ಕಾಲಕ್ಕೆ ಒಂದೇ ಶೈಲಿ ಇರೋಕೆ ಸಾಧ್ಯವಾ? ಇರಲಿಲ್ಲ. ಹಿಂದಿನ ಎಲ್ಲ ಕಾಲಗಳನ್ನೂ ಮತ್ತೆ ಎಬ್ಬಿಸಿದ್ದೇ ಆ ಕಾಲದ ಗುಣ. ಚರ್ಚಿನ ಕಮಾನಿನಂತೆ ಚೂಪು ಬೆನ್ನಿದ್ದರೆ ಗಾಥಿಕ್. ಬಾಗಿದ ಕಾಲು, ಬಳ್ಳಿ, ಹೂವು, ಸುರುಳಿ ಇದ್ದರೆ ರೊಕೊಕೊ. ಈ ರೊಕೊಕೊ ಮೂಲದಲ್ಲಿ ಫ್ರೆಂಚರದು, 15ನೇ ಲೂಯಿ ಕಾಲದ್ದು. ನೂರು ವರ್ಷ ಆದ ಮೇಲೆ ಲಂಡನ್ನಿನವರು ಅದನ್ನು ಎತ್ತಿಕೊಂಡು ದಪ್ಪ ಮಾಡಿದರು, ಒಳಗೆ ಸ್ಪ್ರಿಂಗು ತುಂಬಿದರು, ಗುಂಡಿ ಹಾಕಿ ಬಿಗಿದರು. ನಮ್ಮ ಕುರ್ಚಿಯ ಬಾಗಿದ ಕಾಲು ಈ ದಾರಿಯಲ್ಲಿ ಬಂದದ್ದು. ಅಂದರೆ ಚೋರ್ ಬಜಾರಿನಲ್ಲಿ 'ಇಂಗ್ಲಿಷ್' ಅನ್ನೋದರ ಗೆರೆ ಫ್ರಾನ್ಸಿನದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ವಿಷಯ. ವಿಕ್ಟೋರಿಯಾ ಕಾಲ ಅಂದರೆ ಯಂತ್ರದ ಕಾಲ. ಮರವನ್ನು ಕಾಗದದಂತೆ ತೆಳು ಹಾಳೆ ಮಾಡಿ ಸೀಳುವ ಯಂತ್ರ ಬಂತು. ಅಗ್ಗದ ಮರದ ಮೇಲೆ ಬೆಲೆಬಾಳುವ ಮರದ ಹಾಳೆ ಅಂಟಿಸಿದರೆ ಆಯಿತು, ಅದಕ್ಕೆ ವಿನಿಯರ್ ಅಂತಾರೆ. ಕೆತ್ತನೆಗೂ ಯಂತ್ರ ಬಂತು. ಜೋರ್ಡನ್ ಅನ್ನುವವನು 1845ರಲ್ಲಿ ಪೇಟೆಂಟ್ ತೆಗೆದುಕೊಂಡ. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಮರಗೆಲಸಕ್ಕೂ ಆ ಯಂತ್ರ ಬಳಸಿದರು. ಮಧ್ಯಮ ವರ್ಗದ ಮನೆಗೂ ಕೆತ್ತನೆಯ ಕುರ್ಚಿ ಬಂದದ್ದು ಹೀಗೆ.

ಈಗ ಮುಂಬೈಗೆ ಬರೋಣ.

ಹಡಗಿನಲ್ಲಿ ಲಂಡನ್ನಿನ ಕುರ್ಚಿ ತಂದು ಮುಂಬೈಯಲ್ಲಿಟ್ಟರೆ ಏನಾಗುತ್ತೆ? ಇಲ್ಲಿಯ ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಜೂನ್ ಕಳೆದು ಜುಲೈ ಬರೋ ಹೊತ್ತಿಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಪ್ರಾಣಿಗಳ ತೊಗಲು, ಮೂಳೆಯಿಂದ ಮಾಡಿದ ಗೋಂದು ಈ ತೇವಕ್ಕೆ ಬಿಟ್ಟುಕೊಳ್ಳುತ್ತೆ. ವಿನಿಯರ್ ಹಾಳೆ ಏಳುತ್ತೆ. ಕುದುರೆ ಕೂದಲು ತುಂಬಿದ ಮೆತ್ತೆ ಮುಗ್ಗಲು ವಾಸನೆ ಹೊಡೆಯುತ್ತೆ, ಹುಳಕ್ಕೆ ಮನೆಯಾಗುತ್ತೆ. ಗೆದ್ದಲಿನ ಮಾತು ಬೇರೆ. ಹಾಗಾಗಿ ಇಲ್ಲಿದ್ದ ಇಂಗ್ಲಿಷರು ಮತ್ತು ಅವರಂತೆ ಮನೆ ಹೂಡಿದ ಪಾರ್ಸಿ, ಗುಜರಾತಿ ಸಾಹುಕಾರರು ಇಲ್ಲಿಯ ಬಡಗಿಗಳ ಹತ್ತಿರವೇ ಮಾಡಿಸಿದರು. ನಕ್ಷೆ ಅಲ್ಲಿಯದು, ಮರ ಇಲ್ಲಿಯದು. ವಿನಿಯರ್ ಬೇಡ, ಇಡೀ ಘನ ಮರ. ಮೆತ್ತೆ ಬೇಡ, ಗಾಳಿ ಆಡುವ ಬೆತ್ತ. ಇದನ್ನೇ ಇಂಗ್ಲಿಷರು 'ಬಾಂಬೆ ಬ್ಲ್ಯಾಕ್‌ವುಡ್' ಅಂದರು.

ಇದಕ್ಕೆ ಹೆಸರಾದ ಜಾಗ ಕೋಟೆಯೊಳಗಿನ ಮೆಡೋಸ್ ಸ್ಟ್ರೀಟ್. ಇವತ್ತಿನ ನಗೀನದಾಸ್ ಮಾಸ್ಟರ್ ರಸ್ತೆ. ಕಾಲಾ ಘೋಡಾದಿಂದ ಫೌಂಟನ್ ಕಡೆಗೆ ಒಳದಾರಿ ಹಿಡಿದು ನಡೆದರೆ ಇದರಲ್ಲೇ ಹೋಗ್ತೀರಿ. ಈಗ ಅಲ್ಲಿ ವಕೀಲರು, ಜೆರಾಕ್ಸ್ ಅಂಗಡಿ, ಮಧ್ಯಾಹ್ನ ಊಟದ ರಶ್ಶು. 19ನೇ ಶತಮಾನದಲ್ಲಿ ಉಳಿ, ಸುತ್ತಿಗೆ ಸದ್ದು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ಮಹಾ ಪ್ರದರ್ಶನ ಮಾಡಿದರಲ್ಲ, ತಿರುವಾಂಕೂರಿನ ಮಹಾರಾಜರು ರಾಣಿಗೆ ಕಳಿಸಿದ ದಂತದ ಸಿಂಹಾಸನ ಅಲ್ಲಿ ಎಲ್ಲರ ಕಣ್ಣು ಸೆಳೆಯಿತು. ಅದೇ ಪ್ರದರ್ಶನಕ್ಕೆ ಮುಂಬೈಯ ಕೆತ್ತಿದ ಕರಿಮರದ ಪೀಠೋಪಕರಣವೂ ಹೋಗಿತ್ತು. ಆಮೇಲೆ ಹತ್ತು ವರ್ಷಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ. 1861ರಿಂದ 1865ರ ತನಕ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ಬರಲಿಲ್ಲ. ಆ ಜಾಗಕ್ಕೆ ನಮ್ಮ ಹತ್ತಿ ಹೋಯಿತು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಗಾಡಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಮುಂಬೈ ಸೇರುತ್ತಿತ್ತು. ಮುಂಬೈಯಲ್ಲಿ ದುಡ್ಡಿನ ಹೊಳೆ. ಕೋಟೆ ಗೋಡೆ ಕೆಡವಿದರು, ಸಮುದ್ರ ತುಂಬಿಸಿದರು, ಮಲಬಾರ್ ಹಿಲ್ ಮೇಲೆ ಬಂಗಲೆಗಳು ಎದ್ದವು. ಬಂಗಲೆ ಅಂದಮೇಲೆ ದಿವಾನಖಾನೆ, ದಿವಾನಖಾನೆ ಅಂದಮೇಲೆ ಸೋಫಾ, ಅಮೃತಶಿಲೆ ಹಾಸಿದ ದುಂಡು ಮೇಜು, ಆಳೆತ್ತರದ ಕನ್ನಡಿ. ಯುದ್ಧ ಮುಗಿದದ್ದೇ ಹತ್ತಿ ಬೆಲೆ ಬಿತ್ತು, ಎಷ್ಟೋ ಸಾಹುಕಾರರು ರಾತ್ರಿ ಕಳೆದು ಬೆಳಗಾಗೋದರಲ್ಲಿ ದಿವಾಳಿಯಾದರು. ಆ ಸಾಮಾನೆಲ್ಲ ಹರಾಜಿಗೆ ಬಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರಟಿತು.

ನಮ್ಮಜ್ಜನ ಕುರ್ಚಿ ಹಾಗೇ ಹರಾಜಿನಲ್ಲಿ ಬಂದದ್ದು, ಆದರೆ ಬಹಳ ತಡವಾಗಿ, 1950ರ ದಶಕದಲ್ಲಿ. ಗ್ರಾಂಟ್ ರೋಡಿನ ಹತ್ತಿರ ಒಂದು ದೊಡ್ಡ ಮನೆ ಖಾಲಿ ಮಾಡುತ್ತಿದ್ದರಂತೆ. ಅಜ್ಜ ಸಿದ್ದಾಪುರ ಕಡೆಯವರು, ಇಲ್ಲಿ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೀತಿದ್ದರು. ಅಜ್ಜಿಯ ಬಳೆಗೆ ಅಂತ ಕೂಡಿಟ್ಟ ದುಡ್ಡು ಕೊಟ್ಟು ಕುರ್ಚಿ ತಂದರು. ಅಜ್ಜಿ ಸಾಯೋತನಕ ಆ ಕುರ್ಚಿಯನ್ನ 'ನನ್ನ ಬಳೆ' ಅಂತಲೇ ಕರೀತಿದ್ದಳು. "ನನ್ನ ಬಳೆ ಮೇಲೆ ಒದ್ದೆ ಪಂಚೆ ಹಾಕಬೇಡ್ರೋ" ಅಂತ.

ಇಷ್ಟು ಬಡತನದಲ್ಲಿ ಇದ್ಯಾಕೆ ತಂದಿರಿ ಅಜ್ಜ ಅಂತ ಒಮ್ಮೆ ಕೇಳಿದ್ದೆ. ಅವರು ಕುರ್ಚಿಯ ಕೈ ಮೇಲೆ ಅಂಗೈ ಇಟ್ಟು ಹೇಳಿದ್ದು: "ಇದು ಬೀಟೆ ಮರ ಮಾರಾಯ. ನಮ್ಮ ಬೆಟ್ಟದಲ್ಲಿತ್ತು. ಕಡಿಯೋಕೆ ಬಿಡ್ತಿರಲಿಲ್ಲ. ಮುಂಬೈಗೆ ಬಂದು ದುಡ್ಡು ಕೊಟ್ಟು ತಗೊಂಡೆ."

ಆಗ ನಾನು ನಕ್ಕಿದ್ದೆ. ಅರ್ಥ ಆದದ್ದು ಈಗ.

ಬ್ಲ್ಯಾಕ್‌ವುಡ್ ಅಂದರೆ ನಮ್ಮ ಬೀಟೆ. ಮರಾಠಿಯಲ್ಲಿ ಶಿಸವಿ. ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಕಡಿದಾಗ ನೇರಳೆ ಛಾಯೆಯ ಕಂದು ಬಣ್ಣ, ವರ್ಷ ಕಳೆದಂತೆ ಕಪ್ಪು. ಗಟ್ಟಿ, ಎಣ್ಣೆಯಂಶ ಇರೋ ಮರ, ಗೆದ್ದಲು ಹತ್ತಿರ ಸುಳಿಯೋದು ಕಡಿಮೆ, ಸಣ್ಣ ಕೆತ್ತನೆಗೂ ಮುರಿಯದೆ ನಿಲ್ಲುತ್ತೆ. ಮುಂಬೈಗೆ ಇದು ಬರುತ್ತಿದ್ದುದು ಮಲಬಾರ್ ಮತ್ತು ಕೆನರಾ ಕಾಡುಗಳಿಂದ, ಕರಾವಳಿಯ ಬಂದರುಗಳ ಮೂಲಕ. ಕೆನರಾ ಜಿಲ್ಲೆ ಮೊದಲು ಪೂರ್ತಿ ಮದ್ರಾಸ್ ಕೈಯಲ್ಲಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಇವತ್ತಿನ ಉತ್ತರ ಕನ್ನಡ ಅದೇ. ಹತ್ತಿಯ ಹುಚ್ಚು ಏರಿದ ಹೊತ್ತಿಗೇ ನಮ್ಮ ಕಾಡಿನ ಕಡತಗಳು ಮುಂಬೈಯ ಮೇಜಿಗೆ ಬಂದವು.

ಮುಂಬೈ ಸರಕಾರ ಕಾಡಿಗೆ ಅಂತಲೇ ಅಧಿಕಾರಿಯನ್ನು ನೇಮಿಸಿದ್ದು 1847ರಲ್ಲಿ, ಅಲೆಕ್ಸಾಂಡರ್ ಗಿಬ್ಸನ್ ಅನ್ನೋ ವೈದ್ಯನನ್ನ. ಹಡಗುಕಟ್ಟೆಗೆ ತೇಗ ಬೇಕು, ಆಮೇಲೆ ರೈಲು ಹಳಿಯ ಅಡಿಗೆ ಮರ ಬೇಕು. 1878ರ ಅರಣ್ಯ ಕಾಯಿದೆ ಬಂದಮೇಲೆ ಬೇಲಿ ಇನ್ನೂ ಬಿಗಿಯಾಯಿತು. ಕೆನರಾದಲ್ಲಿ ಮೂರು ಮರ ಸರಕಾರದ್ದು: ತೇಗ, ಬೀಟೆ, ಗಂಧ. ಅಡಿಕೆ ತೋಟದವರಿಗೆ ಸೊಪ್ಪು ಕಡಿಯೋಕೆ 'ಸೊಪ್ಪಿನ ಬೆಟ್ಟ' ಬಿಟ್ಟುಕೊಟ್ಟಿದ್ದರು, ಆದರೆ ಅಲ್ಲೂ ಈ ಮೂರನ್ನು ಮುಟ್ಟುವ ಹಾಗಿಲ್ಲ. ಬೆಟ್ಟದಲ್ಲಿ ಸೊಪ್ಪು ನಿಮ್ಮದು, ಬೀಟೆ ಸರಕಾರದ್ದು. 1930ರ ಕಾನೂನುಭಂಗ ಚಳವಳಿಯಲ್ಲಿ ಸಿರ್ಸಿ, ಸಿದ್ದಾಪುರದ ಕಡೆ ಉಪ್ಪಿನ ಜೊತೆಗೆ ಕಾಡಿನ ಕಾನೂನನ್ನೂ ಜನ ಮುರಿದರಲ್ಲ, ಆ ಸಿಟ್ಟು ಒಂದು ದಿನದ್ದಲ್ಲ. ಅಜ್ಜ ಆಗ ಸಣ್ಣ ಹುಡುಗ. ನೋಡಿದ್ದರು.

ಹಾಗಾದರೆ ಕೈ ಯಾರದು? ಮುಂಬೈಯ ಮರಗೆಲಸದಲ್ಲಿ ಗುಜರಾತಿ ಕುಶಲಕರ್ಮಿಗಳದು ದೊಡ್ಡ ಪಾಲು. ಅಹಮದಾಬಾದ್, ಸೂರತ್ ಕಡೆಯ ಹಳೇ ಮನೆಗಳ ಕಂಬ, ಜಂತೆ, ಕಿಟಕಿ ನೋಡಿದ್ದರೆ ಗೊತ್ತಾಗುತ್ತೆ, ಒಂದು ಬೆರಳಷ್ಟೂ ಜಾಗ ಖಾಲಿ ಬಿಡದೆ ಕೆತ್ತುವ ಕೈ ಅದು. ಆ ಕೈಗೆ ಲಂಡನ್ನಿನ ನಕ್ಷೆ ಕೊಟ್ಟರೆ ಏನಾಗುತ್ತೋ ಅದೇ ಬಾಂಬೆ ಬ್ಲ್ಯಾಕ್‌ವುಡ್. ಲಂಡನ್ನಿನ ಕುರ್ಚಿಯಲ್ಲಿ ಹೂವು ಬೆನ್ನಿನ ತುದಿಗೆ ಒಂದು ಇರುತ್ತೆ. ಮುಂಬೈ ಕುರ್ಚಿಯಲ್ಲಿ ಬೆನ್ನೇ ಹೂಬಳ್ಳಿ, ನಡುವೆ ಬೆಳಕು ಹಾಯೋ ಜಾಲಿ. ಅಲ್ಲಿ ಯಂತ್ರ ಕೆತ್ತುತ್ತಿದ್ದಾಗ ಇಲ್ಲಿ ಮನುಷ್ಯ ಕೂತು ಉಳಿ ಹಿಡಿದು ಕೆತ್ತುತ್ತಿದ್ದ. ಕೂಲಿ ಅಷ್ಟು ಅಗ್ಗ ಇತ್ತು, ಅದನ್ನೂ ಹೇಳಿಬಿಡಬೇಕು.

ಆ ಕಾಲದ ಇಂಗ್ಲಿಷ್ ಪಂಡಿತರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಬೈಕುಲಾದ ವಸ್ತುಸಂಗ್ರಹಾಲಯ ಕಟ್ಟಲು ದುಡಿದ ಜಾರ್ಜ್ ಬರ್ಡ್‌ವುಡ್ 1880ರಲ್ಲಿ ಭಾರತದ ಕುಶಲಕಲೆಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಹಳ್ಳಿಯ ಕುಂಬಾರ, ನೇಕಾರರ ಕೆಲಸ ಅಂದರೆ ಅವರಿಗೆ ಪ್ರಾಣ. ಯುರೋಪಿನ ಅಚ್ಚಿಗೆ ಭಾರತದ ಕೈ ಒಗ್ಗಿದ್ದು ಕಂಡರೆ ಆಗುತ್ತಿರಲಿಲ್ಲ. ಅವರಂಥವರ ಕಣ್ಣಿಗೆ ನಿಜವಾದ ಭಾರತ ಅಂದರೆ ಇಂಗ್ಲಿಷರು ಮುಟ್ಟದ ಭಾರತ. ಕುರ್ಚಿ ಇಂಗ್ಲಿಷರಿಗೆ ಪೂರ್ತಿ ಇಂಗ್ಲಿಷ್ ಅನಿಸಲಿಲ್ಲ, ಪೂರ್ತಿ ಇಂಡಿಯನ್ನೂ ಅನಿಸಲಿಲ್ಲ. ನಮ್ಮ ಮನೆಗೆ ಬಂದ ಇಬ್ಬರು ವ್ಯಾಪಾರಿಗಳ ಜಗಳ ನೂರನಲವತ್ತು ವರ್ಷ ಹಳೇದು ನೋಡಿ.

ಈಗ ಒಂದು ತಮಾಷೆ ವಿಷಯ. ಮನೆಯ ಸಾಮಾನಿನ ಹೆಸರುಗಳನ್ನೇ ತಗೊಳ್ಳಿ. ಟೀಪಾಯಿ ಅಂತೀವಲ್ಲ, ಟೀ ಇಡೋದರಿಂದ ಟೀಪಾಯಿ ಅಂತ ಅಂದ್ಕೊಂಡಿದ್ದೆ. ಅಲ್ಲ. ಹಿಂದಿಯ 'ತಿಪಾಯಿ', ಮೂರು ಕಾಲಿನದು. ಅದು ಇಂಗ್ಲಿಷರ ಬಾಯಲ್ಲಿ 'ಟೀಪಾಯ್' ಆಯಿತು, ಟೀ ಜೊತೆ ನಂಟು ಬೆಳೆಯಿತು, ನಾಲ್ಕು ಕಾಲು ಬಂತು, ತಿರುಗಿ ನಮ್ಮ ಮನೆಗೆ ಬಂತು. ಬಟ್ಟೆ ಇಡೋ ಬೀರು? ಅದು 'ಬ್ಯೂರೋ', ಫ್ರೆಂಚರ ಬರೆಯೋ ಮೇಜು. ಅಲಮಾರು ಪೋರ್ಚುಗೀಸರದು. ಕುರ್ಚಿ ಅರಬ್ಬಿಯ 'ಕುರ್ಸಿ'. ಇಂಗ್ಲಿಷಿನ 'ಕಾಟ್' ನಮ್ಮ ಖಾಟು. ಬರೀ ಹೆಸರು ಅಲ್ಲ, ಹೊಳಪೂ ಹಾಗೇ. ವಿಕ್ಟೋರಿಯನ್ ಪೀಠೋಪಕರಣದ ಕನ್ನಡಿಯಂಥ ಮಿರುಗಿಗೆ 'ಫ್ರೆಂಚ್ ಪಾಲಿಶ್' ಅಂತ ಹೆಸರು. ಸ್ಪಿರಿಟ್ಟಿನಲ್ಲಿ ಕರಗಿಸಿದ್ದೇನು? ಅರಗು. ಪಾಂಡವರನ್ನು ಸುಡೋಕೆ ಕಟ್ಟಿದ ಮನೆಯ ಅದೇ ಅರಗು, ನಮ್ಮ ಕಾಡಿನ ಹುಳ ಮಾಡಿದ್ದು. ಇಂಗ್ಲೆಂಡಿಗೆ ಹೋಗ್ತಾ ಇದ್ದುದೂ ಇಲ್ಲಿಂದಲೇ.

ನಿಮ್ಮ ಮನೆಯಲ್ಲೂ ಇಂಥದ್ದು ಇರಬಹುದು. ಗುರುತಿಸೋದು ಹೇಗೆ? ನಾನು ಮಿಸ್ತ್ರಿಯಿಂದ ಕಲಿತದ್ದಿಷ್ಟು. ಮೊದಲು ಎತ್ತಿ ನೋಡಿ. ಬೀಟೆಯಾದರೆ ಗಾತ್ರಕ್ಕೆ ಮೀರಿದ ಭಾರ. ಆಮೇಲೆ ಅಂಚು ನೋಡಿ, ಮೇಲಿನ ಹಾಳೆ ಬೇರೆ ಒಳಗಿನ ಮರ ಬೇರೆ ಇದ್ದರೆ ವಿನಿಯರ್, ಬಹುಶಃ ಹೊರಗಿಂದ ಬಂದದ್ದು. ಮಗುಚಿ ನೋಡಿ, ಅಡಿಯಲ್ಲಿ ಉಳಿಯ ಗುರುತು ಏರುಪೇರಾಗಿದ್ದರೆ ಕೈಕೆಲಸ. ಎರಡು ಬದಿಯ ಹೂವು ಹೋಲಿಸಿ, ಕೈಯಲ್ಲಿ ಕೆತ್ತಿದ್ದು ಒಂದರಂತೆ ಒಂದಿರಲ್ಲ. ಇರಾನಿ ಹೋಟೆಲಿನ ಬಾಗಿದ ಕಡ್ಡಿಯ ಹಗುರ ಕುರ್ಚಿ ಇದೆಯಲ್ಲ, ಅದನ್ನೂ ಕೆಲವರು ಇಂಗ್ಲಿಷ್ ಅಂತ ಮಾರ್ತಾರೆ. ಅದರ ಮೂಲ ವಿಯೆನ್ನಾ, ಮೈಕೇಲ್ ಥೋನೆಟ್ 1859ರಲ್ಲಿ ಮಾಡಿದ ಮಾದರಿ. ಆವಿಯಲ್ಲಿ ಬೇಯಿಸಿ ಬಗ್ಗಿಸಿದ ಮರ. ಇನ್ನೊಂದು ಮಾತು: ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು 1972ರ ಕಾಯಿದೆ ಪ್ರಕಾರ ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗಿಲ್ಲ. 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲೂ ಇದೆ. ಫಾರಿನ್ ಗಿರಾಕಿ ಇದ್ದಾನೆ ಅಂತ ಯಾರಾದರೂ ಆಸೆ ತೋರಿಸಿದರೆ ಹುಷಾರು.

ಆ ಕಾಲದ ಮರಗೆಲಸ ನೋಡಬೇಕು ಅಂದರೆ ಬೈಕುಲಾದ ರಾಣಿಬಾಗ್‌ಗೆ ಹೋಗಿ. ಪೆಂಗ್ವಿನ್ ನೋಡಿ ಹಾಗೇ ಹೊರಗೆ ಬರಬೇಡಿ, ಪಕ್ಕದಲ್ಲೇ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ಇದೆ. 1872ರಲ್ಲಿ ತೆರೆದಾಗ ಅದರ ಹೆಸರೂ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ. ಒಳಗಿನ ವಸ್ತು ಎಲ್ಲರೂ ನೋಡ್ತಾರೆ, ನೀವು ಆ ವಸ್ತು ಇಟ್ಟಿರೋ ಮರದ ಗಾಜಿನ ಪೆಟ್ಟಿಗೆಗಳನ್ನೂ ನೋಡಿ.

ಇನ್ನು ಕುರ್ಚಿ ಏನಾಯಿತು? ಬೆತ್ತ ಹೆಣೆಸೋಕೆ ಕೊಟ್ಟಾಗ ಮಿಸ್ತ್ರಿ ಹಳೇ ಬೆತ್ತ ಕಿತ್ತರು. ಚೌಕಟ್ಟಿನ ಒಳಬದಿಯಲ್ಲಿ ಒಂದು ಅಂಕಿ ಗೀಚಿತ್ತು, ಗುಜರಾತಿ ಲಿಪಿಯ ಏಳು. ಕಂಪನಿ ಹೆಸರಿಲ್ಲ, ಇಸವಿ ಇಲ್ಲ. ಏಳನೇ ಕುರ್ಚಿಯೋ, ಏಳನೇ ಬಡಗಿಯೋ. ಡಜನ್ ಕುರ್ಚಿಯ ಸೆಟ್ಟಿನಲ್ಲಿ ಇದೊಂದು ಇರಬಹುದು ಅಂದರು ಮಿಸ್ತ್ರಿ.

ವಯಸ್ಸಾದ ಆ ವ್ಯಾಪಾರಿ ಮತ್ತೆ ಫೋನ್ ಮಾಡಿದಾಗ ಹೇಳಿದೆ, "ಚಾಚಾ, ಇಂಗ್ಲಿಷ್ ಅಲ್ಲ ಇದು." ಅವರು ನಕ್ಕು, "ಮಾಲೂಮ್ ಹೈ ಬೇಟಾ. ಪರ್ ಗಿರಾಕ್ ಕೋ ಇಂಗ್ಲಿಷ್ ಹೀ ಮಂಗ್ತಾ" ಅಂದರು. ಅವರಿಗೆ ಮೊದಲೇ ಗೊತ್ತಿತ್ತು! ಬಡಗಿಯ ಹೆಸರು ಎಲ್ಲೂ ಬರೆದಿಲ್ಲ, ಕಾಡಿನ ಹೆಸರು ಬರೆದಿಲ್ಲ. ಬರೆದಿಟ್ಟ ಹೆಸರು ಅಂದರೆ ಈ ಕುರ್ಚಿಯನ್ನು ಎಂದೂ ಕಾಣದ ಒಬ್ಬ ರಾಣಿಯದು. ಬೆಲೆ ಬರೋದೂ ಅವಳ ಹೆಸರಿಗೇ. 6,000ಕ್ಕೂ 18,000ಕ್ಕೂ ನಡುವಿನ 12,000 ಅದೇ, ಬರೀ ಹೆಸರಿನ ಬಾಬ್ತು.

ಮಾರಲಿಲ್ಲ. ಈಗ ಡೊಂಬಿವಲಿಯ ಬಾಡಿಗೆ ಮನೆಯಲ್ಲಿದೆ. ಇಟ್ಟ ಮೇಲೆ ಬಾಗಿಲು ಪೂರ್ತಿ ತೆರೆಯಲ್ಲ, ಓರೆಯಾಗಿ ನುಗ್ಗಬೇಕು. ಮಳೆ ದಿನ ಅದರ ಬೆನ್ನಿನ ಮೇಲೆ ಒದ್ದೆ ಟವೆಲ್ಲು ಹಾಕ್ತೀವಿ. ಆಗೆಲ್ಲ ಅಜ್ಜಿ ಬೈದ ಹಾಗಾಗುತ್ತೆ, ತೆಗೀತೀನಿ.

ನಿಮ್ಮ ಊರಿನ ಮನೆಯಲ್ಲಿ, ಇಲ್ಲ ಮುಂಬೈಯ ಖೋಲಿಯಲ್ಲಿ ಇಂಥ ಸಾಮಾನಿದ್ದರೆ ಒಮ್ಮೆ ಮಗುಚಿ ನೋಡಿ. ಅಂಕಿ, ಅಕ್ಷರ ಏನಾದರೂ ಕಂಡರೆ ಫೋಟೋ ತೆಗೆದಿಡಿ. ಯಾರು ತಂದರು, ಎಲ್ಲಿಂದ ತಂದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಕೊಳ್ಳಿ. ನಾನು ಅಜ್ಜನ ಹತ್ತಿರ ಇನ್ನೂ ಎರಡು ಮಾತು ಕೇಳಬೇಕಿತ್ತು.